ಅಜ್ಜಿ ಕೈ ಮೂಸಿದ ಭಾನುವಾರ

ಆ ಭಾನುವಾರ ಸಂಜೆ ಅತ್ತಿಗೆಯ ಅಣ್ಣ ಬರುವವನಿದ್ದ, ಸಂಕ್ರಾಂತಿಗೆ ತಂಗಿಯನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಲು. ಮದುವೆಯಾಗಿ ನಮ್ಮ ಯಲಹಂಕದ ಮನೆಗೆ ಬಂದ ಹೊಸದರಲ್ಲಿ ಅವಳ ಮಾತಿನ ಧಾಟಿ ಕೇಳಿ ಬೀದಿಯ ಹೆಂಗಸರು ನಕ್ಕಿದ್ದರು. ಅಂದಿನಿಂದ ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. "ಹೋದ್ರೆ ಇವ್ಳು ಬೇಗ ಬರಲ್ಲ ಕಣೇ" ಎಂದು ಅಜ್ಜಿ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಕ್ಕತಂಗಿಯರಿಲ್ಲದ ನನಗೆ ಅತ್ತಿಗೆಯೆಂದರೆ ಪ್ರಾಣ. ಅವಳು ಬರದೇ ಹೋದರೆ ಎಂದು ನೆನೆದರೇ ಅಳು ಬರುತ್ತಿತ್ತು.

ನನ್ನ ಪುಣ್ಯಕ್ಕೆ ಅಮ್ಮ ಅಂದು ಪೇಟೆಯ ಕೆಲಸವನ್ನೆಲ್ಲ ನಮ್ಮಿಬ್ಬರಿಗೇ ವಹಿಸಿದಳು. ಮಂಜು ಇನ್ನೂ ಕರಗಿರಲಿಲ್ಲ. ಬಾಯಿಂದ ಹೊಗೆ ಬಿಡುತ್ತ, ಕುಣಿಯುತ್ತ ಹೊರಟೆ. ಹಿಟ್ಟಿನ ಮಿಷನ್ನಿನಲ್ಲಿ ರಾಗಿ ಡಬ್ಬ ಇಟ್ಟೆವು. ಕಾಫಿಪುಡಿ ಅಂಗಡಿಯಲ್ಲಿ ಆಗತಾನೇ ಬೀಸಿಕೊಟ್ಟ ಬಿಸಿ ಪೊಟ್ಟಣವನ್ನು ಒಬ್ಬರಾದ ಮೇಲೊಬ್ಬರು ಕೆನ್ನೆಗೆ ಒತ್ತಿಕೊಂಡೆವು. ಅತ್ತಿಗೆ ನಕ್ಕೇಬಿಟ್ಟಳು! ನಾನು ಬೆಟ್ಟ ಗೆದ್ದವಳ ಹಾಗೆ ಬೀಗಿದೆ.

ಕೊನೆಗೆ ಅವರೆಕಾಯಿ. ಬಾಗಲೂರಿನ ಕಡೆಯ ಹೆಂಗಸೊಬ್ಬಳು ಗೋಣಿಯ ಮೇಲೆ ರಾಶಿ ಸುರಿದುಕೊಂಡು ಕೂತಿದ್ದಳು. ಅತ್ತಿಗೆ ಸೆರಗನ್ನು ಮೂಗಿಗೆ ಹಿಡಿದು, "ಏನ್ ನಾತ ಇದು!" ಎಂದಳು.

"ನಾತ ಅಲ್ಲ ಕಣವ್ವಾ, ಸೊಗಡು! ಮಂಜು ಬಿದ್ದಷ್ಟೂ ಏರ್ತದೆ. ಇಂಗೆ ಉಜ್ಜಿ ನೋಡು."

ಅತ್ತಿಗೆ ಉಜ್ಜಿದಳು, ಮೂಸಿದಳು, ಮುಖ ಹಿಂಡಿದಳು. ಮತ್ತೆ ಮೂಸಿದಳು. ಆಮೇಲೆ ನೋಡಬೇಕು ಅವಳ ಹಟವನ್ನು! ಅಂಟಂಟಾಗಿ ಘಮ್ಮೆನ್ನುವ ಕಾಯಿಯನ್ನೇ ಹುಡುಕಿ ಹುಡುಕಿ ಚೀಲ ತುಂಬಿಸಿದಳು. ಮಾರುವವಳಿಗೇ ಸಾಕಾಗಿಹೋಯಿತು.

ಮನೆಗೆ ಬಂದದ್ದೇ ತಡ, ಅತ್ತಿಗೆ ಅಂಗಳದ ತೊಟ್ಟಿಯಲ್ಲಿ ಸೋಪು ಹಾಕಿ ಕೈ ತೊಳೆದು ಒಳಗೆ ಹೋದಳು. ಪೇಟೆಯಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟಬಾರದೆಂದು ಅವಳ ತವರಿನ ಪದ್ಧತಿ. ನಮ್ಮ ಅಜ್ಜಿಯ ಪದ್ಧತಿಯೇ ಬೇರೆ. ಅವರೆಕಾಯಿ ಬಂದರೆ ಚೀಲದೊಳಗೆ ಇಣುಕುತ್ತಲೇ ಇರಲಿಲ್ಲ. ತಂದವರ ಅಂಗೈ ಮೂಸುತ್ತಿದ್ದಳು. ನೀರು ಚಿಮುಕಿಸಿ ಹೊಸದರಂತೆ ಮಾಡಿದ ಹಳೆಯ ಕಾಯಿ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಕೈಗೆ ಸೊಗಡಿನ ಜಿಡ್ಡು ಹತ್ತಿಸುವುದಿಲ್ಲ.

ಅಜ್ಜಿ ಅತ್ತಿಗೆಯ ಎರಡೂ ಕೈ ಹಿಡಿದು ಮೂಸಿದಳು. "ಸೊಗಡು ಏನೇನೂ ಇಲ್ಲ. ಹಸೂಗ್ ಹಾಕಿ" ಎಂದುಬಿಟ್ಟಳು.

ನನ್ನ ಜೀವವೇ ಹೋದಂತಾಯಿತು. ಅತ್ತಿಗೆಯ ಮುಖ ಕೆಂಪಾಯಿತು. ಅಳುತ್ತಾಳೆ ಎಂದುಕೊಂಡೆ. ಎಲ್ಲಿಯ ಅಳು!

"ಕೈ ತೊಳಕೊಂಡ ಬಂದೀನ್ರಿ ಅಜ್ಜಿ! ಕೈಯಾಗ ಏನ್ ಹುಡಕ್ತೀರಿ? ಚೀಲದಾಗ ಮೂಗ ಹಾಕ್ರಿ! ಒಂದೊಂದ ಕಾಯಿ ಮೂಸಿ ತಂದೀನಿ!"

ಒಲೆಯ ಮೇಲಿನ ದೋಸೆ ಸೀದರೂ ಅಮ್ಮನಿಗೆ ಪರಿವೆಯಿಲ್ಲ. ಅಜ್ಜಿ ನಿಧಾನವಾಗಿ ಬಗ್ಗಿ ಚೀಲದೊಳಗೆ ಕಿವಿಯವರೆಗೂ ಮುಖ ತೂರಿಸಿದಳು. ಹೊರಗೆ ತೆಗೆದಾಗ ಮುಖದ ತುಂಬ ನಗು.

"ಅಯ್ಯೋ ನನ್ನವ್ವಾ, ಇಷ್ಟ್ ದಿನ ಈ ಬಾಯಿನ ಎಲ್ಲಿ ಬಚ್ಚಿಟ್ಟಿದ್ಯೇ?"

ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ಮಧ್ಯಾಹ್ನದೊಳಗೆ ಕಾಯಿ ಸುಲಿದು, ಕಾಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆವು. ಅಜ್ಜಿ ತಾನೇ ಅತ್ತಿಗೆಯ ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ, ಹಂಡೆಯ ನೀರನ್ನು ಹದವಾಗಿ ಬೆರೆಸಿ ಎರೆದಳು. ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ಕೆಲಸ ನನ್ನದು. ಅತ್ತಿಗೆಯ ಬಾಯಿ ಒಂದು ಗಳಿಗೆ ಸುಮ್ಮನಿರಲಿಲ್ಲ. ತನ್ನ ಊರಿನ ಕಥೆಯೆಲ್ಲ ಹೇಳಿದಳು. ನಮಗೆ ಅರ್ಧ ಅರ್ಥವಾಯಿತು, ಪೂರ್ತಿ ನಕ್ಕೆವು.

ಸಂಜೆ ಎಲ್ಲರೂ ಪಾತ್ರೆಯ ಸುತ್ತ ಕೂತು ನೆನೆದ ಕಾಳು ಹಿಸುಕಿ ಬೇಳೆ ಬಿಡಿಸುತ್ತಿದ್ದಾಗ ಅವಳ ಅಣ್ಣ ಬಂದ. ನೀರು ಕುಡಿದು, "ನಾಳೆ ಮುಂಜಾನೆ ಗಾಡಿಗೆ ಹೋಗೂಣು. ಅವ್ವ ಹೇಳ್ಯಾಳ, ಬೇಸಗಿ ಮುಗಿಯೂ ತನಕ ನಮ್ಮಲ್ಲೇ ಇರಂತ" ಎಂದ. ನನ್ನ ಕೈ ಅಲ್ಲೇ ನಿಂತಿತು. ಅಜ್ಜಿ ಅವನ ಮುಖವನ್ನಾಗಲಿ, ಅತ್ತಿಗೆಯ ಮುಖವನ್ನಾಗಲಿ ನೋಡಲಿಲ್ಲ.

ಅತ್ತಿಗೆ ತಲೆಯೆತ್ತದೆ ಹಿಸುಕುತ್ತಲೇ ಹೇಳಿದಳು: "ಹಬ್ಬಾ ಮುಗದ ಮರದಿನಾನ ನನ್ನ ತಂದ ನಮ್ಮನಿಗೆ ಬಿಡಬೇಕ ನೋಡಣ್ಣಾ. ಇಲ್ಲಿ ಇವರು ದಾರಿ ಕಾಯ್ತಾರ."

ನಾನು ಬೊಗಸೆಯಲ್ಲಿದ್ದ ಬೇಳೆಯನ್ನೆಲ್ಲ ಚೆಲ್ಲಿ ಅವಳ ಕುತ್ತಿಗೆಗೆ ಜೋತುಬಿದ್ದೆ.