‘ನಂದೇ’ ಎಂದ ಕೆಂಚಣ್ಣ

ಕೆಂಚಣ್ಣ ಮೈಗೆ ಸೋಪು ಹಚ್ಚುತ್ತಿರಲಿಲ್ಲ. ಹಬ್ಬವಿರಲಿ, ಮದುವೆಯಿರಲಿ, ಬಿಸಿನೀರು ಹುಯ್ದುಕೊಂಡು ತಂಗಡಿ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ಉಜ್ಜಿಕೊಂಡರೆ ಅವನ ಸ್ನಾನ ಮುಗಿಯಿತು. ತಲೆಗೆ ಎಣ್ಣೆಯಿಲ್ಲ, ಬಾಯಿಗೆ ಬೀಡಿಯಿಲ್ಲ. ಹತ್ತಿರ ಬಂದರೆ ಒಣಹುಲ್ಲು, ಮಣ್ಣು, ಕೊಟ್ಟಿಗೆ ಎಲ್ಲ ಸೇರಿದ ವಾಸನೆ. ನನ್ನ ಹಿಟ್ಟಿನ ಗಿರಣಿಗೆ ರಾಗಿ ತಂದರೂ ಹೊಸ್ತಿಲು ದಾಟುತ್ತಿರಲಿಲ್ಲ. ಚೀಲವನ್ನು ಒಳಕ್ಕೆ ತಳ್ಳಿ ಹೊರಗೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. “ಒಳೀಕ್ ಬಂದು ಕುಂತ್ಕ ಬಾ ಕೆಂಚಣ್ಣ” ಎಂದರೆ, “ಬ್ಯಾಡ ಕಣವ್ವ, ನಿನ್ ಹಿಟ್ಟಿನ ವಾಸ್ನೆ ಮೈಗಂಟ್ಕಂಡ್ರೆ ಮೂರು ದಿನ ಹೋಗಾಕಿಲ್ಲ. ಹಂದಿಗೆ ಕಣ್ಣಿರೋದು ಮೂಗ್ನಾಗೆ” ಅನ್ನುತ್ತಿದ್ದ.

ಅವನ ಕಸುಬು ಕಾಡುಹಂದಿಗೆ ಉರುಲು ಹಾಕುವುದು. ಅಜ್ಜಂಪುರದ ಕಡೆ ಹುಲ್ಲಿನ ಕಾವಲು, ಇನ್ನೊಂದು ಕಡೆ ಕುರುಚಲು ಗುಡ್ಡ, ನಡುವೆ ನಮ್ಮೂರು. ಗುಡ್ಡದಿಂದ ಇಳಿದ ಹಂದಿಗಳು ಜೋಳದ ಹೊಲಕ್ಕೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಹೊಲ ಕುಸ್ತಿ ಆಡಿದ ಅಖಾಡದಂತೆ ಕಾಣುತ್ತಿತ್ತು. ಆಗ ಊರಿನವರಿಗೆ ಕೆಂಚಣ್ಣನ ನೆನಪಾಗುತ್ತಿತ್ತು. ಅವನಪ್ಪ ಕುರಿಯವರಿಗಾಗಿ ತೋಳ ಹಿಡಿಯುತ್ತಿದ್ದನಂತೆ. ಅವನಜ್ಜ ಅಮಲ್ದಾರರು ಬೇಟೆಗೆ ಬಂದಾಗ ದಾರಿ ತೋರಿಸುತ್ತಿದ್ದನಂತೆ. ಮೂರು ತಲೆಮಾರಿನಲ್ಲಿ ಒಬ್ಬರೂ ಕೋವಿ ಹಿಡಿದವರಲ್ಲ. “ಕೋವಿ ಅಂದ್ರೆ ಓಡೋದ್ನ ಅಟ್ಟುಸ್ಕಂಡ್ ಹೋಗಾದು. ನಮ್ದು ಬರೋದ್ನ ಕಾಯಾದು” ಎಂಬುದು ಅವನ ಹೆಮ್ಮೆ.

ಆ ಸೋಪಿಲ್ಲದ ಮೈಯಿಂದಾಗಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಅವನ ಹೆಂಡತಿ ಗೌರಕ್ಕನ ಕಡೆಯ ಮದುವೆಗೆ ಸಖರಾಯಪಟ್ಟಣಕ್ಕೆ ಹೋಗಿದ್ದೆವು. ಚಪ್ಪರದ ಬಾಗಿಲಲ್ಲಿ ಹುಡುಗಿಯರಿಬ್ಬರು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಅದನ್ನು ಕಂಡದ್ದೇ ತಡ, ಕೆಂಚಣ್ಣ ಪಕ್ಕದ ಸಂದಿಗೆ ನುಗ್ಗಿದವನು ಅಡುಗೆಯವರ ಕಡೆಯಿಂದ ಒಳಬಂದು ಪಾತ್ರೆ ತೊಳೆಯುವವರ ಜೊತೆ ಕೂತುಬಿಟ್ಟ. ಅಂದು ಸಂಜೆ ಅವನಿಗೆ ಉರುಲು ಕಟ್ಟುವುದಿತ್ತು. ಹೆಣ್ಣಿನವರಿಗೆ ಅದೆಲ್ಲ ಏನು ಗೊತ್ತು? ಗೌರವ ಸಾಲದೆ ಮುನಿಸಿಕೊಂಡಿದ್ದಾನೆಂದು ತಿಳಿದು ಹಿರಿಯರಿಬ್ಬರು ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಸಮಾಧಾನ ಮಾಡಲು ಬಂದರು. ಅವರು ಒಂದು ಹೆಜ್ಜೆ ಮುಂದೆ ಬಂದರೆ ಇವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಏಕೆಂದರೆ ಅವರ ಮೈಯೆಲ್ಲ ಘಮಘಮ. ಗೌರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ನನಗೆ ಇಂದಿಗೂ ಗೊತ್ತಿಲ್ಲ.

ಅವನನ್ನು ಸಾಧು ಸಂತನೆಂದು ನಾನು ಹೇಳಹೊರಟಿಲ್ಲ. ಉರುಲಿಗೆ ಬಿದ್ದ ಹಂದಿ ಸಾಯುತ್ತದೆ, ಕಾನೂನು ಅದನ್ನು ತಪ್ಪು ಅನ್ನುತ್ತದೆ, ಆ ಸಾರನ್ನು ನಾನೂ ಉಂಡವಳೇ. ಆದರೆ ಅವನಿಗೆ ಅವನದೇ ಕಟ್ಟಳೆಗಳಿದ್ದವು. ಸಂಜೆ ಕಟ್ಟಿದ ಉರುಲನ್ನು ಹೊತ್ತು ಮೂಡುವ ಮೊದಲು ತಾನೇ ಹೋಗಿ ನೋಡಬೇಕು. ಬೇರೆ ಊರಿಗೆ ಹೋಗುವುದಿದ್ದರೆ ಎಲ್ಲವನ್ನೂ ಬಿಚ್ಚಿಕೊಂಡೇ ಹೋಗಬೇಕು. ಒಮ್ಮೆ ಜ್ವರ ಬಂದು ಏಳಲಾರದಿದ್ದಾಗ ಗೌರಕ್ಕನ ಹೆಗಲ ಮೇಲೆ ಕೈಹಾಕಿಕೊಂಡು ಗುಡ್ಡ ಹತ್ತಿ ಬಿಚ್ಚಿಬಂದಿದ್ದ. “ಸಿಗಾಕ್ಕಂಡ ಪ್ರಾಣೀನ ಕಾಯುಸ್ಬಾರ್ದು ಕಣವ್ವ. ಅದು ನಮ್ಮಪ್ಪ ಹೇಳಿದ್ದು” ಅಂದಿದ್ದ, ಹಲ್ಲು ಕಟಕಟ ಅನ್ನುತ್ತಿರುವಾಗಲೇ.

ಇನ್ನೊಂದು ಕಟ್ಟಳೆ ಅವನದು ಮಾತ್ರವಲ್ಲ, ಊರಿನದು. ಹಂದಿ ಬಿದ್ದರೆ ಮಾಂಸಕ್ಕೆ ಪಾಲು. ಉರುಲು ಹಾಕಿದವನಿಗೆ, ಹೊತ್ತು ತಂದವರಿಗೆ, ಹೊಲದವನಿಗೆ, ಕೊಯ್ಯುವಾಗ ದಾರಿಯಲ್ಲಿ ಹೋಗುತ್ತ ಕಣ್ಣು ಹಾಯಿಸಿದವನಿಗೂ ಪಾಲು. ಪಾಲು ತೆಗೆದುಕೊಂಡವರು ಯಾರೂ ಬಾಯಿ ಬಿಡಬಾರದು. ಅಧಿಕಾರಿಗಳು ಬಂದು ಕೇಳಿದರೆ ಒಬ್ಬನೇ ಮುಂದೆ ಬಂದು “ನಂದೇ” ಎಂದು ಒಪ್ಪಿಕೊಳ್ಳಬೇಕು. ಅವನು ಜೈಲಿನಿಂದ ಬರುವವರೆಗೆ ಅವನ ಮನೆ, ಹೊಲ, ಹೆಂಡತಿ ಮಕ್ಕಳು ಊರಿನ ಜವಾಬ್ದಾರಿ. ಕೆಂಚಣ್ಣನ ಅಪ್ಪ ಹಾಗೆ ಒಂದು ಸಲ ಜೈಲಿಗೆ ಹೋಗಿದ್ದನಂತೆ. ಊರಿನವರೇ ಹೊಲ ಉತ್ತು, ಬಿತ್ತಿ, ರಾಗಿ ಕೊಯ್ದು ಕಣಜ ತುಂಬಿದರಂತೆ. ಬಿಡುಗಡೆಯಾದ ದಿನ ಅಜ್ಜಂಪುರದ ಸ್ಟೇಷನ್ನಿಗೆ ತಮಟೆ ಸಮೇತ ಹೋಗಿ ಕರೆತಂದರಂತೆ. ಈ ಕಥೆಯನ್ನು ಕೆಂಚಣ್ಣ ನನ್ನ ಗಿರಣಿಯ ಮುಂದೆ ಎಷ್ಟು ಸಲ ಹೇಳಿದ್ದನೋ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ಮೊಣಕಾಲು ಹಿಡಿದುಕೊಂಡ ಮೇಲೆ ಅವನು ಕಸುಬು ಬಿಟ್ಟ. ಅರಣ್ಯ ಇಲಾಖೆಯವರು ಬಂದು ಬುದ್ಧಿ ಹೇಳಿಹೋಗಿದ್ದರು, ಗೌರಕ್ಕ ದಿನವೂ ಹೇಳುತ್ತಿದ್ದಳು. ನಾರಿನ ಉರುಲುಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟು ಎರಡು ಕುರಿ ಕಟ್ಟಿಕೊಂಡ. ಆದರೆ ಹಂದಿಗಳು ಕಸುಬು ಬಿಟ್ಟಿರಲಿಲ್ಲವಲ್ಲ. ಊರಿನ ದೊಡ್ಡ ಹೊಲದವನಾದ ನಂಜಪ್ಪ ಬೈಕಿನ ಕ್ಲಚ್ ವೈರು ತಂದು, ತನ್ನ ಆಳುಗಳಿಂದ ಜೋಳದ ಹೊಲದ ಬೇಲಿಯುದ್ದಕ್ಕೂ ಉರುಲು ಕಟ್ಟಿಸಿದ. ಕಟ್ಟಿಸಿದವನು ಬೆಳಿಗ್ಗೆ ಹೋಗಿ ನೋಡುವ ಗೋಜಿಗೆ ಹೋಗಲಿಲ್ಲ.

ಎರಡನೆಯ ದಿನವೋ ಮೂರನೆಯ ದಿನವೋ ಅದಕ್ಕೆ ಚಿರತೆ ಬಿತ್ತು. ಸೊಂಟಕ್ಕೆ ವೈರು ಬಿಗಿದು ಅದು ಕೂಗಿದ ಕೂಗು ಗಿರಣಿಯ ಸದ್ದನ್ನೂ ಮೀರಿ ನನ್ನ ಕಿವಿಗೆ ಬಿತ್ತು. ಊರಿಗೆ ಊರೇ ಮೊಬೈಲು ಹಿಡಿದು ಓಡಿತು. ಅರಣ್ಯ ಇಲಾಖೆಯವರು ಡಾಕ್ಟರನ್ನು ಕರೆಸುವಷ್ಟರಲ್ಲಿ ಅದು ಸತ್ತುಹೋಯಿತು.

ನಂಜಪ್ಪ ಬೇಲಿಯ ಹತ್ತಿರ ನಿಲ್ಲದೆ ಕೆಂಚಣ್ಣನನ್ನು ಹುಡುಕಿಕೊಂಡು ಬಂದ. ಕೆಂಚಣ್ಣ ನನ್ನ ಗಿರಣಿಯ ಮುಂದೆ ಇದ್ದ. ನಂಜಪ್ಪನ ಜೊತೆ ಊರಿನ ಹಿರಿಯರು ನಾಲ್ಕಾರು ಮಂದಿ. ಬಂದವನೇ ಕೆಂಚಣ್ಣನ ಕೈ ಹಿಡಿದುಕೊಂಡ.

“ಕೆಂಚಣ್ಣ, ನೀನೇ ಉಳುಸ್ಬೇಕು. ನನ್ ಮಗುಂಗೆ ಗೌರ್ಮೆಂಟ್ ಕೆಲಸದ ಆರ್ಡರ್ ಬರೋ ಹೊತ್ತು. ಮನೆ ಮೇಲೆ ಕೇಸಾದ್ರೆ ಎಲ್ಲಾ ಹೋಯ್ತದೆ. ಉರುಲು ಅಂದ್ರೆ ಹೆಂಗೂ ಅವ್ರಿಗೆ ನಿನ್ ಹೆಸ್ರೇ ಬಾಯಿಗ್ ಬರೋದು.”

ಕೆಂಚಣ್ಣ ಹಿರಿಯರ ಮುಖ ನೋಡಿದ. “ಊರು ಏನಂತೈತೆ?”

“ಊರು ನಿನ್ ಹಿಂದೈತೆ. ಹಿಂದ್ಲಿಂದ ನಡ್ಕಂಡು ಬಂದಂಗೇ ಆಯ್ತದೆ” ಅಂದರು ಹಿರಿಯರು.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಬ್ಯಾಡ ಕೆಂಚಣ್ಣ. ನಿಮ್ಮಪ್ಪುನ್ ಕಾಲದ ಊರಲ್ಲ ಇದು” ಎಂದೆ. ನಂಜಪ್ಪ ನನ್ನತ್ತ ದುರುಗುಟ್ಟಿ ನೋಡಿದ. ಕೆಂಚಣ್ಣ ಮಾತ್ರ ಚಿಕ್ಕ ಹುಡುಗಿಗೆ ಹೇಳುವ ಹಾಗೆ, “ಊರು ಊರೇ ಕಣ್ ಸುಸೀಲವ್ವ” ಎಂದು ಎದ್ದ.

ಬೇಲಿಯ ಹತ್ತಿರ ಅಧಿಕಾರಿ ಕೇಳಿದರು, “ಯಾರ್ದು ಉರುಲು?” ಅಷ್ಟೂ ಜನ ನೆಲ ನೋಡಿದರು. ಕೆಂಚಣ್ಣ ಕುಂಟುತ್ತ ಮುಂದೆ ಹೋದ. ಸತ್ತ ಚಿರತೆಯನ್ನು, ಆ ವೈರನ್ನು ನೋಡಿ ಅವನ ಮುಖ ಕಿವುಚಿಕೊಂಡಿತು. ಅಂಥ ಹೊಲಸು ಕೆಲಸಕ್ಕೆ ತನ್ನ ಹೆಸರು ಕೊಡಬೇಕಲ್ಲ ಎಂದು ಅವನಿಗೆ ಅನಿಸಿರಬೇಕು. ಆದರೂ, “ನಂದೇ ಸ್ವಾಮಿ” ಎಂದ. ಜೀಪು ಹತ್ತುವಾಗ ಊರಿನವರತ್ತ ತಿರುಗಿ ಕೈ ಎತ್ತಿದ. ಯಾರೋ ಅದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡರು.

ಜಾಮೀನಿಗೆ ಜಮೀನಿರುವ ಒಬ್ಬರು ಪಹಣಿ ಸಮೇತ ಕೋರ್ಟಿಗೆ ಬರಬೇಕು ಎಂದರು ವಕೀಲರು. ಗೌರಕ್ಕ ಮನೆ ಮನೆಗೆ ಹೋದಳು, ಜೊತೆಗೆ ನಾನೂ ಹೋದೆ. ಒಬ್ಬನ ಪಹಣಿ ಬ್ಯಾಂಕಿನಲ್ಲಿತ್ತು. ಇನ್ನೊಬ್ಬನಿಗೆ ಮಗ ಒಪ್ಪುತ್ತಿರಲಿಲ್ಲ. ಮತ್ತೊಬ್ಬ, “ಚಿರತೆ ಕೇಸು ಕಣವ್ವ, ಸೈನ್ ಹಾಕ್ದೋರ್ನೂ ಎಳೀತಾರಂತೆ” ಎಂದು ಟಿ.ವಿ. ಕಡೆ ತಿರುಗಿದ. ನನ್ನ ಹೊಲದ ಖಾತೆ ಇನ್ನೂ ಸತ್ತುಹೋದ ನನ್ನ ಮಾವನ ಹೆಸರಿನಲ್ಲೇ ಇತ್ತು, ಅದು ನಡೆಯುವುದಿಲ್ಲ ಎಂದರು ವಕೀಲರು. ನಂಜಪ್ಪನ ಮನೆಯಲ್ಲಿ ಕಾಫಿ ಕೊಟ್ಟರು. “ನಾನ್ ಬಂದ್ರೆ ಅನುಮಾನ ಬರ್ತದೆ, ನೀವೇ ಯೋಚ್ನೆ ಮಾಡಿ” ಎಂದ ನಂಜಪ್ಪ. ಗೌರಕ್ಕ ಕಾಫಿ ಮುಟ್ಟಲಿಲ್ಲ. ನಾನು ಲೋಟವನ್ನು ಅವನ ಅಂಗಳದಲ್ಲೇ ಬೋರಲು ಹಾಕಿ ಬಂದೆ.

ಮಳೆ ಬಿತ್ತು. ಕೆಂಚಣ್ಣನ ಒಂದೆಕರೆ ಹೊಲಕ್ಕೆ ಯಾರೂ ನೇಗಿಲು ಕಟ್ಟಲಿಲ್ಲ. ನಂಜಪ್ಪನ ಟ್ರ್ಯಾಕ್ಟರು ಆ ಹೊಲದ ಬದುವಿನ ಮೇಲೆ ಹತ್ತಿಳಿದು ತನ್ನ ಹೊಲಕ್ಕೆ ಹೋಗಿಬರುತ್ತಿತ್ತು. ಗೌರಕ್ಕ ಗುದ್ದಲಿ ಹಿಡಿದು ಒಬ್ಬಳೇ ಅಗೆಯುತ್ತಿದ್ದಳು. ಗಿರಣಿಗೆ ಬಂದ ನಂಜಪ್ಪನನ್ನು ನಾನು ಜನರೆದುರಿಗೇ ಕೇಳಿದೆ: “ಏನ್ ನಂಜಪ್ಪ, ಹಿಂದ್ಲಿಂದ ನಡ್ಕಂಡು ಬಂದಂಗೇ ಆಯ್ತದೆ ಅಂದ್ರಲ್ಲ, ಎಲ್ಲೈತೆ ನಿಮ್ ಊರು?” ಅವನು ಒಂದಿಷ್ಟೂ ಅಳುಕದೆ, “ಯಾರಂದ್ರವ್ವ ಹಂಗೆ? ಉರುಲು ನಂದೇ ಅಂತ ಅವನೇ ಒಪ್ಕಂಡವನೆ. ನಾವೇನ್ ಮಾಡಾನ?” ಎಂದ. ಸರದಿಯಲ್ಲಿ ನಿಂತಿದ್ದವರು ಚೀಲದ ಬಾಯಿ ಕಟ್ಟುವುದರಲ್ಲಿ ಮಗ್ನರಾದರು. ಅವರಲ್ಲಿ ಕೆಂಚಣ್ಣನ ಕೈಯಿಂದ ಪಾಲು ತಿನ್ನದವರು ಒಬ್ಬರೂ ಇರಲಿಲ್ಲ. ಆ ದಿನ ಅವರ ರಾಗಿಯನ್ನು ಬೀಸಿಕೊಟ್ಟೆನಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಅಮೃತಾಪುರದಿಂದ ಗೌರಕ್ಕನ ತಮ್ಮ ಪಹಣಿ ತಂದ. ತಾನೇ ಹೋಗಿ ಭಾವನನ್ನು ಬಿಡಿಸಿ, ಬಸ್ಸು ಹತ್ತಿಸಿ ತನ್ನೂರಿಗೆ ಹೋದ. ಕೆಂಚಣ್ಣ ಬರುವ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಗೌರಕ್ಕ ಹೇಳಿಕೊಂಡು ಬಂದಿದ್ದಳು. ನಾನು ಮಧ್ಯಾಹ್ನದ ಮೇಲೆ ಗಿರಣಿ ಮುಚ್ಚಿ ಬಸ್ ಸ್ಟಾಪಿನ ಕಡೆ ಹೋದರೆ ಅವನೊಬ್ಬನೇ ಕಟ್ಟೆಯ ಮೇಲೆ ಊರಿನ ದಾರಿ ನೋಡುತ್ತ ಕೂತಿದ್ದ. ಬಂದು ಎಷ್ಟೋ ಹೊತ್ತಾಗಿತ್ತು. ಮೈಯಿಂದ ಜೈಲಿನ ಸೋಪಿನ ವಾಸನೆ ಬರುತ್ತಿತ್ತು. “ಮನೀಗೆ ಹೋಗದಲೇ ಇಲ್ಯಾಕ್ ಕುಂತಿದೀಯ?” ಎಂದೆ. “ಬಸ್ಸು ಹೊತ್ತಿಗ್ ಮುಂಚೆ ಬಂತೇನೋ ಅಂತ ಕುಂತ್ಕಂಡೆ ಕಣವ್ವ” ಎಂದ. ನನಗೆ ಅಳು ತಡೆಯಲಾಗಲಿಲ್ಲ. ಅವನ ಚೀಲವನ್ನು ನಾನೇ ಹೊತ್ತೆ.

ಆಮೇಲೆ ವಾಯಿದೆಗಳು ಶುರುವಾದವು. ಕೋರ್ಟು ಕರೆದಾಗಲೆಲ್ಲ ಬೆಳಗಿನ ಬಸ್ಸಿಗೆ ಕಡೂರಿಗೆ ಹೋಗಿ, ಹೆಸರು ಕೂಗುವವರೆಗೆ ಕಾದು, ಸಂಜೆಗೆ ಬರುತ್ತಿದ್ದ. ಊರಿನಲ್ಲಿ ಯಾರೊಂದಿಗೂ ಜಗಳವಿಲ್ಲ, ಮಾತೂ ಇಲ್ಲ. ಕುರಿಗಳನ್ನು ಹೊಡೆದುಕೊಂಡು ಹೋಗುವಾಗ ಮಾತ್ರ ಸುತ್ತಿನ ದಾರಿ ಹಿಡಿದು ನಂಜಪ್ಪನ ಮನೆಯ ಮುಂದಿನಿಂದಲೇ ಹೋಗುತ್ತಿದ್ದ. ಮೊಣಕಾಲು ನೋವಿದ್ದವನು ಅಷ್ಟು ದೂರ ಯಾಕೆ ಸುತ್ತುತ್ತಾನೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಗಿರಣಿಯ ಮೋಟಾರು ಸುಟ್ಟು ಅದನ್ನು ರಿಪೇರಿಗೆ ಕಡೂರಿಗೆ ಒಯ್ದಿದ್ದ ದಿನ ಅವನ ವಾಯಿದೆಯೂ ಇತ್ತು. ಕೋರ್ಟಿನ ಕಾಂಪೌಂಡಿನಲ್ಲಿ ಹೊಂಗೆ ಮರದ ಕೆಳಗೆ ಇಬ್ಬರೂ ಕೂತು, ಗೌರಕ್ಕ ಕಟ್ಟಿಕೊಟ್ಟಿದ್ದ ರೊಟ್ಟಿ ತಿಂದೆವು. ವಕೀಲರು ಆಗಷ್ಟೇ ಬಂದು, ನಿಜ ಏನಿದೆಯೋ ಅದನ್ನು ಜಡ್ಜರ ಮುಂದೆ ಹೇಳಿದರೆ ಕೇಸಿನ ದಿಕ್ಕೇ ಬದಲಾಗುತ್ತದೆ, ಇನ್ನೂ ಕಾಲ ಮಿಂಚಿಲ್ಲ ಎಂದು ಹೇಳಿಹೋಗಿದ್ದರು.

“ಹೇಳ್ಬುಡು ಕೆಂಚಣ್ಣ” ಎಂದೆ. “ಬೇಕಾರೆ ನಾನೂ ಸಾಕ್ಷಿ ಹೇಳ್ತೀನಿ. ಆವತ್ತು ನನ್ನ ಎದ್ರಿಗೇ ಅಲ್ವಾ ಅವ್ರು ಮಾತಾಡಿದ್ದು? ಇನ್ನೂ ಯಾರ್ ಮಾನ ಕಾಯ್ತಿದೀಯ ನೀನು?”

ಅವನು ಬಾಯಿಗೆ ಒಯ್ದಿದ್ದ ರೊಟ್ಟಿಯ ಚೂರನ್ನು ಕೆಳಗಿಳಿಸಿ ಕೈಯಲ್ಲೇ ಹಿಡಿದುಕೊಂಡ.

“ಮಾನ ಕಾಯ್ತಿಲ್ಲ ಕಣವ್ವ. ಹೇಳ್ಬುಟ್ರೆ ಅವುಂಗೆ ನನ್ ಮೇಲೆ ಸಿಟ್ಟು ಬತ್ತೈತೆ. ಸಿಟ್ಟು ಬಂದ್ರೆ ಅವುಂಗೆ ಸಲೀಸು, ನನ್ನ ಬೈಕಂಡು ಆರಾಮಾಗಿರ್ತಾನೆ. ಹೇಳದಲೇ ಇದ್ರೆ ನಾನ್ ಅವ್ನ್ ಮನೆ ಮುಂದ್ಲಿಂದ ಹೋದಾಗೆಲ್ಲಾ ಅವ್ನು ತಲೆ ಬಗ್ಗುಸ್ಬೇಕು. ಉಂಡಿದ್ದು ಒಳೀಕ್ ಹೋಗ್ಬಾರ್ದು ಅವುಂಗೆ. ನಾನ್ ಇರೋಗಂಟ ಅವ್ನು ನಂತಾವ ಸಿಗಾಕ್ಕಂಡಿರ್ತಾನೆ. ನಂಗೆ ಇನ್ನೇನೈತೆ ಹೇಳು, ಅದೊಂದೇ ಇರಾದು.”

ಅಷ್ಟು ದಿನಗಳಲ್ಲಿ ಅವನ ಮುಖದಲ್ಲಿ ಒಂಚೂರು ಕಳೆ ಕಂಡದ್ದು ಆಗಲೇ. ಅಷ್ಟರಲ್ಲಿ ಅವನ ಹೆಸರು ಕೂಗಿದರು. ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಒಳಗೆ ಹೋದ. ನಾನು ಅವನ ಜೊತೆ ಕೂತು ಮಾತಾಡಿದ್ದು ಅದೇ ಕೊನೆ. ಮುಂದಿನ ವಾಯಿದೆ ಬರುವ ಮೊದಲೇ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತ ಕೂತಿದ್ದವನು ಕೂತಲ್ಲೇ ಹೋಗಿಬಿಟ್ಟ. ಆರೋಪಿ ಸತ್ತಮೇಲೆ ಕೇಸೂ ಮುಗಿಯಿತು. ಗೌರಕ್ಕ ಕುರಿಗಳನ್ನು ಮಾರಿ ತಮ್ಮನ ಜೊತೆ ಅಮೃತಾಪುರಕ್ಕೆ ಹೋದಳು.

ಕಡೂರಿಗೆ ಹೋದ ಆ ದಿನ ಬೆಳಿಗ್ಗೆ ಮೋಟಾರನ್ನು ಆಟೋಕ್ಕೆ ಹಾಕಿಸುತ್ತಿದ್ದಾಗ ನಂಜಪ್ಪ ಎದುರಾಗಿದ್ದ. ಮಗ ಕೆಲಸಕ್ಕೆ ಸೇರಿದ ಖುಷಿಯಲ್ಲಿದ್ದ, ನನ್ನ ಕೈಗೂ ಒಂದು ಪೇಡೆ ಇಟ್ಟ. ಚುಚ್ಚಬೇಕೆಂದೇ ನಾನು, “ಇವತ್ತು ಕೆಂಚಣ್ಣುಂದು ವಾಯಿದೆ ಐತೆ” ಎಂದೆ. ಅವನು ಹುಬ್ಬು ಗಂಟಿಕ್ಕಿ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದ. “ಯಾವ್ದು, ಆ ಚಿರತೆದಾ? ಅದಿನ್ನೂ ನಡೀತೈತಾ? ನಾನು ಮರ್ತೇ ಬಿಟ್ಟಿದ್ದೆ ಕಣವ್ವ” ಎಂದು, ಮೋಟಾರು ಯಾವಾಗ ಸರಿಯಾಗುತ್ತದೆಂದು ಕೇಳಿಕೊಂಡು ಹೋದ. ಹೊಂಗೆ ಮರದ ಕೆಳಗೆ ಕೆಂಚಣ್ಣ ಅಷ್ಟೆಲ್ಲ ಹೇಳುತ್ತಿದ್ದಾಗ ನಂಜಪ್ಪನ ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೇಳಲಿಲ್ಲ.