ಐದು ಗಂಟಿನ ಕಟ್ಟು

ಲಂಡನ್ನಿನ ಎಜ್‌ವೇರಿನ ಚರ್ಚ್ ಹಾಲಿನಲ್ಲಿ ಪಿಟೀಲಿನವರು ಮೊದಲ ಸಾಲು ನುಡಿಸಿದ್ದೇ ತಡ, ಮೋಹಿನಿಯ ಮೈಯೆಲ್ಲ ಉರಿದುಹೋಯಿತು. ಅದು ಕಟ್ಟಕಡೆಗೆ ಬರಬೇಕಾದ ಲಾಲಿ.

ಬರೆದವರು ಓಲ್ಡ್ರಿಖ್ ಶಿಂಬೆರಾ, ಬೊಹೀಮಿಯದ ಸಣ್ಣ ಊರೊಂದರ ಗಡಿಯಾರ ರಿಪೇರಿಯವನ ಮಗ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಪ್ರಾಗಿಗೆ ಟ್ಯಾಂಕುಗಳು ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಲಂಡನ್ನಿಗೆ ಬಂದವರು. ಓಡಿಹೋದವನೆಂದು ಅಲ್ಲಿಯವರು ಅವರ ಸಂಗೀತ ನಿಲ್ಲಿಸಿದರು. ಹೊರಗಿನವನೆಂದು ಇಲ್ಲಿಯವರು ಶುರುಮಾಡಲೇ ಇಲ್ಲ. ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಪಿಯಾನೊ ಕಲಿಸಿದರು. ಬರೆದದ್ದು ನಲವತ್ತೊಂದು ಕೃತಿ, ಜನ ಕೇಳಿದ್ದು ನಾಲ್ಕು.

ಕುಂದಾಪುರದ ಮೋಹಿನಿ, ರೇನರ್ಸ್ ಲೇನಿನ ಹೋಟೆಲಿನಲ್ಲಿ ಅಡುಗೆಗಿದ್ದ ಗಂಡ ತೀರಿಕೊಂಡ ಮೇಲೆ, ಹನ್ನೊಂದು ವರ್ಷ ಶಿಂಬೆರಾ ಅವರ ಮನೆ ನೋಡಿಕೊಂಡಳು. ಕೊನೆಯ ಕೃತಿ ಬರೆಯುವಾಗ ಅವರ ಕೈ ನಡುಗುತ್ತಿತ್ತು. ಸ್ವರದ ಚುಕ್ಕೆಗಳನ್ನು ಹೇಗೋ ಇಡುವರು, ಹಾಳೆಗೆ ಅಂಕಿ ಹಾಕಲು ಆಗದು. ಒಂದೊಂದು ಭಾಗ ಮುಗಿದಾಗಲೂ, ಅವಳಿಂದ ಕಲಿತಿದ್ದ ಒಂದೇ ಕನ್ನಡ ಮಾತಿನಲ್ಲಿ, "ಕಟ್ಟು" ಎನ್ನುವರು. ಅವಳು ಆ ಭಾಗದ ಹಾಳೆಗಳನ್ನು ಮಲ್ಲಿಗೆ ಕಟ್ಟುವ ನೂಲಿನಲ್ಲೇ ಕಟ್ಟುವಳು: ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಲಾಲಿಗೆ ಐದು. ಅವರು ಬೆರಳಿನಿಂದ ಗಂಟು ಮುಟ್ಟಿ ಎಣಿಸಿ, ಸರಿ ಎಂದು ತಲೆದೂಗುವರು.

ಕಳೆದ ಚಳಿಗಾಲ, ತೊಂಬತ್ತೊಂದನೆಯ ವಯಸ್ಸಿಗೆ, ಅವರು ಹೋದರು. ಕಟ್ಟುಗಳನ್ನು ಸಂಗೀತ ಸಂಘದವರು ಒಯ್ದರು. ನಾಳೆ ಆ ಕೃತಿಯ ಕಛೇರಿ, ಇವತ್ತು ಅಭ್ಯಾಸ.

ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಸಮೀಕ್ಷಾ ಕಾರ್ಯಕ್ರಮದ ಹಾಳೆ ಓದಿದಳು. "ಅಜ್ಜಿ, ಹಿ ವಾಸ್ ಕನ್‌ಫ್ಯೂಸ್ಡ್ ಅಂತ ಹಾಕಿದಾರೆ. ಯಾವ ಭಾಗ ಮೊದ್ಲು ಅಂತ ಅವ್ರಿಗೇ ಗೊತ್ತಿರ್ಲಿಲ್ವಂತೆ."

ಮೋಹಿನಿ ಎದ್ದು ನೇರ ಸಂಘದ ಕಾರ್ಯದರ್ಶಿಯ ಮೇಜಿಗೆ ನಡೆದಳು. ಪಿಟೀಲು ನಿಂತಿತು.

"ಹೆಣೆ, ಕೇಣ್ ಅವ್ನ್ ಹತ್ರ. ನನ್ ನೂಲ್ ಎಲ್ಲಿತ್ತ್?" ಎಂದಳು, ಹಿಂದೆಯೇ ಬಂದ ಮೊಮ್ಮಗಳಿಗೆ.

ಸಮೀಕ್ಷಾ ಕೇಳಿ, ತಲೆ ತಗ್ಗಿಸಿ ಹೇಳಿದಳು: "ಸ್ಕ್ಯಾನ್ ಮಾಡ್ಬೇಕಿತ್ತಂತೆ. ನೂಲು ಕತ್ತರಿಸಿ ಕಸದ ಬಿನ್ನಿಗೆ ಹಾಕಿದ್ರಂತೆ. ನಿಮಗೆ ಮ್ಯೂಸಿಕ್ ಓದೋಕೆ ಬರುತ್ತಾ ಅಂತ ಕೇಳ್ತಿದಾರೆ."

"ಓದುಕೆ ಬತ್ತಿಲ್ಲ. ನನ್ ಹೆಸ್ರ್ ಬರೂಕೇ ಸಮ ಬತ್ತಿಲ್ಲ. ಹನ್ನೊಂದ್ ವರ್ಷ ಕೇಂಡಿದೆ. ಅವ್ನ್ ಎಷ್ಟ್ ದಿನ ಕೇಂಡಿದ? ತಲೆ ಕೆಟ್ಟದ್ದ್ ಅವ್ರಿಗಲ್ಲ, ಇವ್ನ್ ಕತ್ರಿಗೆ. ಹೇಳ್, ಒಂದ್ ಮಾತೂ ಬಿಡ್ಬೇಡ."

ಅಜ್ಜಿಯ ಮಾತಿಗೆ ಯಾವಾಗಲೂ ಬೆಣ್ಣೆ ಸವರಿ ದಾಟಿಸುವ ಹುಡುಗಿ ಈ ಸಲ ಒಂದು ಮಾತೂ ಬಿಡಲಿಲ್ಲ. ಪಿಟೀಲಿನ ಹೆಂಗಸು ನಗು ನುಂಗಿಕೊಂಡು ಬೇರೊಂದು ಭಾಗದ ಮೊದಲ ಸಾಲು ನುಡಿಸಿದಳು. ಮೋಹಿನಿ ಮೂರು ಬೆರಳೆತ್ತಿದಳು. ಇನ್ನೊಂದಕ್ಕೆ ಒಂದು, ಅದು ರೈಲು ಹೊರಡುವ ಭಾಗ, ಅಲ್ಲಿಂದಲೇ ಶುರು. ಉಳಿದವನ್ನೂ ಹೀಗೆಯೇ ಗುರುತಿಸಿ, ಚೀಲದಿಂದ ನೂಲಿನುಂಡೆ ತೆಗೆದು, ಅವಸರವಿಲ್ಲದೆ, ಐದನ್ನೂ ಕಟ್ಟಿದಳು.

ಕಾರ್ಯದರ್ಶಿಯ ಮುಖ ಕೆಂಪಾಗಿತ್ತು. ಕಾರ್ಯಕ್ರಮದ ಹಾಳೆಯನ್ನು ಆಮೇಲೆ ಯಾವಾಗಲಾದರೂ ತಿದ್ದಿಸೋಣ ಎಂದ.

"ನಾಳೆ ಜನ ಬಪ್ಪುಕ್ ಮೊದ್ಲ್," ಎಂದಳು ಮೋಹಿನಿ. ಅವನು ಹೂಂ ಎನ್ನುವವರೆಗೆ ಅಲ್ಲಿಂದ ಕದಲಲಿಲ್ಲ.

ಆಮೇಲೆ ಮೇಜಿನ ಮೇಲಿದ್ದ ಅವನ ಕತ್ತರಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು. ಸಿಟ್ಟು ಇಳಿದಿರಲಿಲ್ಲ. ಪಿಟೀಲಿನಲ್ಲಿ ರೈಲು ಹೊರಟಿತು.