ಚಿಕ್ಕತಾಯಮ್ಮನವರ ಲೀಸ್ ದುಡ್ಡು

2025ರ ಜನವರಿಯಲ್ಲಿ ನಾನು ಜಯನಗರದ ಒಂದು ಬ್ಯಾಂಕ್ ಶಾಖೆಯಲ್ಲಿ ಸಹಾಯಕ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನಕಲಿ ನೋಟು ನೋಡಿದ್ದೇನೆ, ಕೌಂಟರ್ ಮುಂದೆ ಕಾಲರ್ ಹಿಡಿದು ಜಗಳಕ್ಕೆ ನಿಂತವರನ್ನು ಬಿಡಿಸಿದ್ದೇನೆ. ಆದರೆ ನಿಜವಾಗಿ ಹೆದರಿದ್ದು ಒಂದೇ ಸಲ. ಅದಕ್ಕೆ ಕಾರಣಳೂ ನಾನೇ.

ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಂಕಿನಲ್ಲಿ ಟಾರ್ಗೆಟ್ ಕಾಲ. ಉಳಿತಾಯ ಖಾತೆಯಲ್ಲಿ ದೊಡ್ಡ ಮೊತ್ತ ಸುಮ್ಮನೆ ಬಿದ್ದಿರುವವರ ಪಟ್ಟಿ ಬೆಳಗಾದರೆ ಮೇಜಿಗೆ ಬರುತ್ತದೆ. ಅವರನ್ನು ಕರೆಸಿ, ವಿಮೆ ಮತ್ತು ಹೂಡಿಕೆ ಎರಡೂ ಸೇರಿದ ಪಾಲಿಸಿಗೆ ಹಣ ಹಾಕಿಸಬೇಕು. ಆ ದಿನದ ಪಟ್ಟಿಯಲ್ಲಿ ಮೂರನೆಯ ಹೆಸರು ಸಾರಕ್ಕಿಯ ಚಿಕ್ಕತಾಯಮ್ಮ. ಖಾತೆಯಲ್ಲಿ ಹದಿಮೂರು ಲಕ್ಷದ ನಲವತ್ತು ಸಾವಿರ. ಮೂರು ವರ್ಷದಿಂದ ಒಂದು ರೂಪಾಯಿಯೂ ತೆಗೆದಿರಲಿಲ್ಲ.

ಆಕೆಗೆ ಅರವತ್ತೈದರ ಆಸುಪಾಸು. ಗಂಡ ಇದ್ದಾಗ ಕೆರೆ ಪಕ್ಕದ ಹೊಲದಲ್ಲಿ ರಾಗಿ ಬೆಳೆದವರು. ಈಗ ಅದೇ ನೆಲದ ಒಂದು ತುಂಡಿನಲ್ಲಿ ಎರಡಂತಸ್ತಿನ ಮನೆ. ಕೆಳಗೆ ಇವರೊಬ್ಬರೇ, ಮೇಲೆ ಬೇರೆ ಸಂಸಾರ. ನಾನು ಫೋನ್ ಮಾಡಿದ ಮಾರನೆಯ ದಿನವೇ ಬಂದು ನನ್ನೆದುರು ಕುರ್ಚಿಯ ತುದಿಯಲ್ಲಿ ಕುಳಿತರು.

"ಆ ದುಡ್ಡು ಅಲ್ಲೇ ಇರ್ಲಿ ಬಿಡಿ ಮೇಡಂ. ಮುಟ್ಟದು ಬ್ಯಾಡ."

"ಅಯ್ಯೋ ಅಮ್ಮಾ, ಸೇವಿಂಗ್ಸ್‌ನಲ್ಲಿ ಮೂರು ಪರ್ಸೆಂಟ್ ಬಂದ್ರೆ ಹೆಚ್ಚು. ಸುಮ್ನೆ ಕೊಳೀತಾ ಬಿದ್ದಿದೆ."

"ಬೇಕು ಅಂದಾಗ ಕೊಡ್ತೀರಾ?"

"ಕೊಡ್ದೆ ಇರ್ತೀವಾ? ಐದು ವರ್ಷ ಆದ್ಮೇಲೆ ಇನ್ನೂ ಜಾಸ್ತೀನೇ ಕೊಡ್ತೀವಿ."

'ಕೊಡ್ದೆ ಇರ್ತೀವಾ' ಎಂದದ್ದು ಅವರ ಮುಖ ನೋಡಿ, ಗಟ್ಟಿಯಾಗಿ. 'ಐದು ವರ್ಷ' ಎಂದದ್ದು ಫಾರಂನ ಹಾಳೆ ತಿರುಗಿಸುತ್ತ. ಯಾಕೆ ಮುಟ್ಟಬಾರದು ಎಂದು ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ. ಹನ್ನೆರಡು ಲಕ್ಷ ಪಾಲಿಸಿಗೆ ಹೋಯಿತು. ಸಂಜೆಯ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ತಿಂಗಳ ಮೊದಲ ಶುಕ್ರವಾರ, ಮಧ್ಯಾಹ್ನ ಒಂದೂವರೆ. ಡಬ್ಬಿ ಬಿಚ್ಚಬೇಕೆಂದು ಏಳುತ್ತಿದ್ದೆ. ನಲವತ್ತರ ಒಬ್ಬ ಹೆಂಗಸು ನರ್ಸ್ ಯೂನಿಫಾರಂನಲ್ಲೇ ಬಂದು ನಿಂತಳು. ಹೆಸರು ಶೋಭಾ ಎಂದಳು.

"ಚಿಕ್ಕತಾಯಮ್ಮನವರ ಮನೆ ಮಹಡೀಲಿ ಲೀಸ್‌ಗೆ ಇರೋರು ನಾವು ಮೇಡಂ. ಮೂರು ವರ್ಷ ಮುಗೀತು, ತಿಂಗಳ ಕೊನೆಗೆ ಖಾಲಿ ಮಾಡ್ತಾ ಇದೀವಿ. ನಮ್ಮ ಹನ್ನೆರಡೂವರೆ ಲಕ್ಷ ನಿಮ್ಮ ಹತ್ರ ಇದೆಯಂತೆ. ಕೇಳಿದಾಗ ಬ್ಯಾಂಕ್ ಮೇಡಂ ಕೊಡ್ತಾರೆ ಅಂದ್ರು ಅಮ್ಮ. ಯಾವತ್ತು ಬರ್ಲಿ?"

ಲೀಸ್ ಎಂದರೆ ತಿಂಗಳ ಬಾಡಿಗೆ ಇಲ್ಲ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಇದ್ದು, ಹೋಗುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೆ.ಪಿ. ನಗರದ ನಮ್ಮ ಮನೆಯ ಮಹಡಿಯನ್ನೂ ನಾವು ಲೀಸ್‌ಗೇ ಕೊಟ್ಟಿದ್ದೆವು. ಅಷ್ಟಿದ್ದೂ ಆ ಖಾತೆಯಲ್ಲಿ ಬಿದ್ದಿದ್ದ ದುಡ್ಡು ಏನೆಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಶೋಭಾ ತಾನಾಗಿಯೇ ಹೇಳುತ್ತ ಹೋದಳು. ಗಂಡ ಲಾರಿ ಡ್ರೈವರ್, ಅಪಘಾತದಲ್ಲಿ ಹೋದರು. ಪರಿಹಾರವಾಗಿ ಬಂದದ್ದೇ ಈ ಹಣ. ಮಗಳ ಕಾಲೇಜಿಗೆ ಹತ್ತಿರ ಎಂದು ಇಟ್ಟಮಡುವಿನಲ್ಲಿ ಬೇರೆ ಮನೆ ನೋಡಿ ಐವತ್ತು ಸಾವಿರ ಮುಂಗಡ ಕೊಟ್ಟಿದ್ದಾರೆ. ಒಂದನೇ ತಾರೀಖಿನೊಳಗೆ ಪೂರ್ತಿ ಕಟ್ಟದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ.

"ಬೇರೆಯವರ ಖಾತೆ ವಿಷಯ ನಾನು ಹೇಳೋ ಹಾಗಿಲ್ಲಮ್ಮ," ಎಂದೆ. ನಿಯಮ ಅದೇ. ಆದರೆ ಅವತ್ತು ಅದರ ಹಿಂದೆ ಬಚ್ಚಿಟ್ಟುಕೊಂಡೆ.

"ಗೊತ್ತು ಮೇಡಂ. ದುಡ್ಡು ಇದೆ ತಾನೇ?"

ನಾನು ತಲೆಯಾಡಿಸಿದೆ. ಹೇಗೆ ಆಡಿಸಿದೆನೋ ದೇವರಿಗೇ ಗೊತ್ತು. ಅವಳು ಹೋದ ಮೇಲೆ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಪಾಲಿಸಿಯ ನಿಯಮ ತೆಗೆದು ನೋಡಿದೆ. ಐದು ವರ್ಷ ಆಗುವವರೆಗೆ ಆ ಪಾಲಿಸಿಯಿಂದ ಬಿಡಿಗಾಸೂ ಹೊರಬರುವುದಿಲ್ಲ. ತಾಯಿ ಮಗಳನ್ನು ನಾನು ಬೀದಿಗೆ ನಿಲ್ಲಿಸಿದ್ದೆ.

ಉಳಿದದ್ದು ಒಂದೇ ದಾರಿ. ಪಾಲಿಸಿ ಪತ್ರ ಕೈಗೆ ಬಂದ ಮೂವತ್ತು ದಿನದೊಳಗೆ ಬೇಡವೆಂದು ಬರೆದುಕೊಟ್ಟರೆ ಹಣ ವಾಪಸ್ ಬರುತ್ತದೆ. ಇದಕ್ಕೆ ಫ್ರೀ ಲುಕ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಪತ್ರ ತಲುಪಿದ ದಿನ ಹುಡುಕಿದೆ. ಬೆರಳು ಮಡಚಿ ಎರಡು ಸಲ ಎಣಿಸಿದೆ. ಮೂವತ್ತನೆಯ ದಿನ ನಾಳೆ. ನಾಳೆ ಎರಡನೇ ಶನಿವಾರ, ರಜೆ. ವಿಮಾ ಕಚೇರಿ ಇವತ್ತು ಐದಕ್ಕೆ ಬಾಗಿಲು ಹಾಕುತ್ತದೆ.

ಮ್ಯಾನೇಜರ್ ಕೋಣೆಗೆ ಓಡಿ ವಿಷಯ ಹೇಳಿದೆ. "ಹನ್ನೆರಡು ಲಕ್ಷ ವಾಪಸ್ ಹೋದ್ರೆ ಬ್ರಾಂಚ್ ಕಥೆ ಏನು ಮೇಡಂ? ಹೊಸ ಲೀಸ್‌ನವರು ಬರ್ತಾರೆ, ಅವರ ದುಡ್ಡು ಇವರಿಗೆ ಕೊಡ್ತಾರೆ. ಎಲ್ಲರೂ ಮಾಡೋದೇ ಅದು," ಎಂದರು ಅವರು.

"ಬರ್ದೆ ಇದ್ರೆ ಸಾರ್?"

ಅವರು, "ನಿಮ್ಮ ಕೊನೇ ವರ್ಷ, ಯೋಚನೆ ಮಾಡಿ," ಎಂದರು. ಮೆಮೊ ಬರಬಹುದು, ನಿವೃತ್ತಿಯ ಕಾಗದಪತ್ರ ತಡೆಯಬಹುದು. ಅದೂ ಹೆದರಿಕೆಯೇ. ಆದರೆ ಶೋಭಾಳ ಪ್ರಶ್ನೆಯ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಆಟೋ ಹತ್ತಿದೆ.

ಸಾರಕ್ಕಿ ಸಿಗ್ನಲ್‌ನಲ್ಲಿ ಇಪ್ಪತ್ತೈದು ನಿಮಿಷ. "ಅಣ್ಣಾ, ಒಳರಸ್ತೆ ಇಲ್ವಾ?" ಎಂದು ನಾನು ಮೂರು ಸಲ ಕೇಳಿದ್ದಕ್ಕೆ ಆಟೋದವನು, "ಹಾರ್ಕೊಂಡ್ ಹೋಗ್ಬೇಕಷ್ಟೇ ಮೇಡಂ," ಎಂದ.

ಚಿಕ್ಕತಾಯಮ್ಮ ಪಾಲಿಸಿಯ ಕವರನ್ನು ಒಡೆದೇ ಇರಲಿಲ್ಲ. ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಿದ್ದರು. ರದ್ದು ಮಾಡಬೇಕೆಂದರೆ ಒಪ್ಪಲಿಲ್ಲ.

"ಒಳ್ಳೇದು ಅಂತ ನೀವೇ ಅಲ್ವಾ ಅಂದಿದ್ದು?"

"ನಾನು ತಪ್ಪು ಮಾಡ್ದೆ ಅಮ್ಮಾ. ಇದ್ರಲ್ಲಿ ಹಾಕಿದ ದುಡ್ಡು ಐದು ವರ್ಷ ಕೈಗೆ ಸಿಗಲ್ಲ."

ಅವರು ಹೊಸ್ತಿಲ ಬಳಿಯೇ ಕುಸಿದು ಕುಳಿತರು. "ಹಂಗಾದ್ರೆ ಆ ಹೆಣ್ಮಗೀಗೆ ನಾನೇನ್ ಕೊಡ್ಲಿ? ಗಂಡನ್ ಪ್ರಾಣದ್ ದುಡ್ಡು ಕಣ್ರವ್ವಾ ಅದು. ಅದಕ್ಕೇ ಮುಟ್ಟದು ಬ್ಯಾಡ ಅಂದಿದ್ದು ನಾನು."

ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನಷ್ಟು ಓದದ ಆ ಹೆಂಗಸಿಗೆ ಆ ದುಡ್ಡು ಯಾರದೆಂದು ಚೆನ್ನಾಗಿ ಗೊತ್ತಿತ್ತು. ನಾನು ಅವರ ಬಾಯಿ ಮುಚ್ಚಿಸಿದ್ದೆ.

ರದ್ದತಿ ಅರ್ಜಿಗೆ ಸಹಿ ಹಾಕಿಸಿಕೊಂಡು, ಅವರನ್ನೂ ಅದೇ ಆಟೋದಲ್ಲಿ ಕೂರಿಸಿಕೊಂಡು ಜಯನಗರ ನಾಲ್ಕನೇ ಬ್ಲಾಕಿನ ವಿಮಾ ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ ನಲವತ್ತು ನಿಮಿಷ. ಸ್ವೀಕೃತಿಯ ಸೀಲು ಬಿದ್ದ ಕಾಗದ ಕೈಗೆ ಬಂದ ಮೇಲೂ ಅದರ ತಾರೀಖನ್ನು ಮತ್ತೆ ಮತ್ತೆ ಓದಿದೆ. ಹಣ ಬಂದದ್ದು ಹದಿನೇಳನೆಯ ದಿನ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಮೊದಲು ಆ ಖಾತೆಯನ್ನೇ ತೆರೆದು ನೋಡುತ್ತಿದ್ದೆ. ವಿಮಾ ಕಂಪನಿ ತನ್ನ ಖರ್ಚು ಕಳೆದುಕೊಂಡಿದ್ದರಿಂದ ಎಂಟು ಸಾವಿರ ಚಿಲ್ಲರೆ ಕಡಿಮೆ ಬಂತು. ನಾನು ಕೊಡಲು ಹೋದರೆ ಚಿಕ್ಕತಾಯಮ್ಮ, "ಇಟ್ಕಳ್ರವ್ವ, ಬುದ್ಧಿ ಬಂತಲ್ಲ, ಸಾಕು," ಎಂದು ಗದರಿದರು. ಮೆಮೊ ಬಂತು. ಉತ್ತರ ಬರೆದೆ.

ಶೋಭಾ ಇಟ್ಟಮಡುವಿಗೆ ಹೋಗುವ ಮುನ್ನ ಬಂದು ನನಗೆ ಕೈಮುಗಿದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ಮೊತ್ತ ಎಷ್ಟು ಬೆಳೆಯುತ್ತದೆ ಎಂದು ಕೇಳುವ ಮೊದಲು, ಅದು ಯಾರಿಗಾಗಿ, ಯಾವ ದಿನಕ್ಕಾಗಿ ಕಾಯುತ್ತಿದೆ ಎಂದು ಕೇಳಬೇಕು. ಮೂವತ್ತನಾಲ್ಕು ವರ್ಷ ಕಲಿಸದ ಪಾಠವನ್ನು ಆ ಒಂದು ಮಧ್ಯಾಹ್ನ ಕಲಿಸಿತು.

ಶೋಭಾ ಕೈಮುಗಿದು ಹೋದ ಸಂಜೆಯೇ ಮನೆಗೆ ಬಂದು ಗೇಟು ತೆಗೆಯುವಾಗ ನಮ್ಮ ಕಾರು ಕಣ್ಣಿಗೆ ಬಿತ್ತು. ಮಹಡಿಯವರು ಕೊಟ್ಟ ಹತ್ತು ಲಕ್ಷದಲ್ಲಿ ಕೊಂಡ ಕಾರು. ಮನೆಯೊಳಗೆ ಹೋಗದೆ ನೇರವಾಗಿ ಮೆಟ್ಟಿಲು ಹತ್ತಿ ಮಹಡಿಯವರಿಗೆ ಇದ್ದ ವಿಷಯ ಹೇಳಿದೆ. ಕಾರು ಮಾರುತ್ತೇನೆ, ಉಳಿದದ್ದನ್ನು ನಿವೃತ್ತಿಯ ಹಣದಲ್ಲಿ ತುಂಬಿಸಿ ಡಿಪಾಸಿಟ್ ಇಡುತ್ತೇನೆ ಎಂದೆ. ಲೀಸ್‌ಗಿದ್ದ ಆತ ನಕ್ಕುಬಿಟ್ಟರು.

"ಅಯ್ಯೋ ಬಿಡಿ ಮೇಡಂ, ಬ್ಯಾಂಕ್‌ನವರ ಮನೆ ಅಂತಾನೇ ನಾವು ಕಣ್ಣು ಮುಚ್ಕೊಂಡು ದುಡ್ಡು ಕೊಟ್ಟಿದ್ದು."